ನಮ್ಮ ಬೀದಿಯನ್ನು ಈ ವರ್ಷ ಬಿಟ್ಟುಬಿಡಿ

ಕೊಡಗಿನ ಪಟ್ಟಣಗಳ ಆಡಳಿತ ನಡೆಸುವ ಅಧಿಕಾರಿಗಳಿಗೆ, ಚುನಾಯಿತ ಸದಸ್ಯರಿಗೆ ಮತ್ತು ಎಂಜಿನಿಯರರಿಗೆ,

ನಮಸ್ಕಾರ.

ಕೊಡಗಿನ ಒಂದು ಪಟ್ಟಣದ ಏರುಬೀದಿಯ ತಿರುವಿನಲ್ಲಿ 22 ವರ್ಷಗಳಿಂದ ಹೊಲಿಗೆ ಅಂಗಡಿ ಇಟ್ಟುಕೊಂಡಿರುವವಳು ನಾನು. ಯಾವ ಪಟ್ಟಣ ಎಂದು ಬರೆಯುವುದಿಲ್ಲ. ಬರೆದರೆ ಮಡಿಕೇರಿಯವರು ಇದು ವಿರಾಜಪೇಟೆಯ ಕತೆ ಎನ್ನುತ್ತಾರೆ, ವಿರಾಜಪೇಟೆಯವರು ಸೋಮವಾರಪೇಟೆಯತ್ತ ಕೈ ತೋರಿಸುತ್ತಾರೆ, ಕುಶಾಲನಗರದವರು ತಮ್ಮಲ್ಲಿ ಅಷ್ಟು ಮಳೆಯೇ ಇಲ್ಲವೆಂದು ಪತ್ರವನ್ನು ಮಡಚಿಡುತ್ತಾರೆ.

ರಸ್ತೆಯ ಬಗ್ಗೆ ಪತ್ರ ಎಂದ ಕೂಡಲೇ, ‘ನಮ್ಮ ಬೀದಿಗೆ ಡಾಂಬರು ಹಾಕಿಸಿಕೊಡಿ’ ಎಂಬ ಅರ್ಜಿ ಎಂದುಕೊಂಡಿರಬಹುದು. ಅಲ್ಲ. ನಮ್ಮ ಬೀದಿ ಕೆಟ್ಟಿರುವುದು ನಿಜ. ಆದರೆ ಅದಕ್ಕೆ ಈ ವರ್ಷ ಡಾಂಬರು ಹಾಕಬೇಡಿ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ. ಈ ಮಾತನ್ನು ಬೀದಿಯಲ್ಲಿ ಆಡಿದಾಗಲೇ ಇಬ್ಬರು ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಒಬ್ಬರು ಕೊಟ್ಟ ಬಟ್ಟೆಯನ್ನು ವಾಪಸ್ ತೆಗೆದುಕೊಂಡು ಹೋದರು.

ಶಾಲೆಯ ಸಮವಸ್ತ್ರದ ಗದ್ದಲ ಜೂನ್ ಎರಡನೇ ವಾರಕ್ಕೆ ಮುಗಿದರೆ ಮಳೆ ನಿಲ್ಲುವವರೆಗೆ ನನಗೆ ಕೆಲಸ ಕಡಿಮೆ. ಬಾಗಿಲಲ್ಲಿ ಕುಳಿತು ರಸ್ತೆ ನೋಡುವುದೇ ಹೊತ್ತು ಕಳೆಯುವ ದಾರಿ. ಕೊರಳಲ್ಲಿ ಅಳತೆಯ ಟೇಪು ಇದ್ದೇ ಇರುತ್ತದೆ. ಕಳೆದ ಮಳೆಗಾಲದ ಮೊದಲಲ್ಲಿ ಅಂಗಡಿಯ ಎದುರು, ಡಾಂಬರಿನ ಅಂಚಿನಿಂದ 9 ಇಂಚು ಒಳಗೆ, ಕೂದಲೆಳೆಯಂಥ ಒಂದು ಬಿರುಕು ಕಂಡಿತು. ಮೂರು ವಾರ ಕಳೆದಾಗ ಕತ್ತರಿಯ ತುದಿ ಅದರೊಳಗೆ ಇಳಿಯುತ್ತಿತ್ತು. ಜುಲೈ ಮೊದಲ ವಾರ 8 ಇಂಚು ಅಗಲದ ಕುಳಿಯಾಯಿತು. ಜುಲೈ ನಡುವಿನಿಂದ ಬರುವ ಕಕ್ಕಡ ತಿಂಗಳ ಮಳೆ ಹಿಡಿದ ಮೇಲೆ ಕೊಡೆ ಹಿಡಿದುಕೊಂಡು ಹೋಗಿ ಅಳೆದೆ: ಉದ್ದ 34 ಇಂಚು, ಆಳ ಐದೂವರೆ. ಅಷ್ಟರೊಳಗೆ ಒಂದು ಸ್ಕೂಟರ್ ಬಿದ್ದಿತ್ತು. ಯಾರೋ ಪುಣ್ಯಾತ್ಮರು ಒಂದು ಕಾಫಿ ರೆಂಬೆ ಮುರಿದು ತಂದು ಅದರಲ್ಲಿ ನೆಟ್ಟಿದ್ದರು.

ನೀರು ಎಲ್ಲಿಂದ ಬರುತ್ತಿದೆ ಎಂದು ಮೇಲಕ್ಕೆ ನಡೆದುಕೊಂಡು ಹೋದೆ. ದೂರ ಹೋಗಬೇಕಾಗಲಿಲ್ಲ. 12 ಅಡಿ ಮೇಲೆ ಒಂದು ಮನೆಯವರು ಕಾರು ಒಳಗೆ ತರಲೆಂದು ಚರಂಡಿಯ ಮೇಲೆ ಕಾಂಕ್ರೀಟು ಸುರಿದು ಇಳಿಜಾರು ಮಾಡಿಕೊಂಡಿದ್ದಾರೆ. ನೀರು ಹೋಗಲೆಂದು ಕೆಳಗೆ 4 ಇಂಚಿನ ಪೈಪು ಇಟ್ಟಿದ್ದಾರೆ. ಅದರ ಬಾಯಿಗೆ ಸಿಲ್ವರ್ ಮರದ ಎಲೆ, ಒಂದು ನೀರಿನ ಬಾಟಲಿ. ಚರಂಡಿಯ ನೀರೆಲ್ಲ ಅಲ್ಲಿ ಮೇಲೆದ್ದು ರಸ್ತೆಗೆ ಹಾರಿ, ಡಾಂಬರಿನ ಅಂಚು ಹಿಡಿದು ಓಡಿ, ನೇರವಾಗಿ ನನ್ನ ಬಿರುಕಿನೊಳಗೆ ಇಳಿಯುತ್ತಿತ್ತು. ಗುಂಡಿ ಬಿದ್ದದ್ದು ನನ್ನ ಅಂಗಡಿಯ ಎದುರು. ಹುಟ್ಟಿದ್ದು ಅಲ್ಲಿ.

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಡಾಂಬರಿಗೆ ಬಿಸಿಲಿಗಿಂತ, ಚಕ್ರಕ್ಕಿಂತ ದೊಡ್ಡ ಶತ್ರು ನೀರು. ಅದು ಜಲ್ಲಿಗೂ ಡಾಂಬರಿಗೂ ಇರುವ ಅಂಟನ್ನು ಬಿಡಿಸುತ್ತದೆ, ಕೆಳಗಿನ ಮಣ್ಣನ್ನು ಮೆತ್ತಗೆ ಮಾಡುತ್ತದೆ. ಆಮೇಲೆ ಮೇಲೆ ಹೋಗುವ ಯಾವ ವಾಹನವಾದರೂ ಸಾಕು. ಹೀಗಿರುವಾಗ ಚರಂಡಿ ಸರಿಮಾಡದೆ ಹಾಕಿದ ಡಾಂಬರು ಎಷ್ಟು ದಿನ ಬಾಳುತ್ತದೆ ಎಂದು ನಿಮ್ಮ ಎಂಜಿನಿಯರರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಅಂದಾಜುಪಟ್ಟಿಯಲ್ಲಿ ಮಾತ್ರ ಡಾಂಬರು ಮೊದಲ ಪುಟದಲ್ಲಿರುತ್ತದೆ, ಚರಂಡಿ ‘ಅನುದಾನ ಲಭ್ಯವಾದಲ್ಲಿ’ ಎಂಬ ಸಾಲಿನಲ್ಲಿರುತ್ತದೆ.

ದಸರೆಗೆ ಮುಂಚೆ ತೇಪೆ ಹಾಕುವುದು ನಮ್ಮ ಕಡೆಯ ವಾಡಿಕೆ. ಮಡಿಕೇರಿಯ ದಶಮಂಟಪಗಳು ಟ್ರ್ಯಾಕ್ಟರ್ ಏರಿ ರಾತ್ರಿಯಿಡೀ ಸಾಗಬೇಕು, ಗೋಣಿಕೊಪ್ಪದಲ್ಲೂ ಜನ ಸೇರಬೇಕು, ಹಬ್ಬಕ್ಕೆ ಬಂದವರ ಎದುರು ಮಾನ ಉಳಿಯಬೇಕು. ಆ ಹಬ್ಬದ ಗಾಳಿ ನಮ್ಮ ಬೀದಿಗೂ ಬೀಸಿತು. ಒಂದು ಬೆಳಿಗ್ಗೆ ಮೂವರು ಗೂಡ್ಸ್ ಆಟೊದಲ್ಲಿ ಬಂದರು. ಗುಂಡಿಯಲ್ಲಿ ನೀರಿತ್ತು. ನೀರಿನ ಮೇಲೆಯೇ ಜಲ್ಲಿಪುಡಿ ಸುರಿದರು, ಅದರ ಮೇಲೆ ಒಂದು ಬುಟ್ಟಿ ಡಾಂಬರು ಜಲ್ಲಿ, ಸಲಿಕೆಯ ಬೆನ್ನಿನಿಂದ ನಾಲ್ಕು ಏಟು. ಚಹಾ ಕೊಟ್ಟೆ, ಕುಡಿದು ಹೋದರು. ಅವರನ್ನು ಬೈಯುವುದಿಲ್ಲ, ಅವರ ಕೈಗೆ ಕೊಟ್ಟದ್ದು ಅಷ್ಟೇ. ತೇಪೆ 11 ದಿನ ಇತ್ತು.

ತೇಪೆ ನನ್ನ ಕಸುಬು, ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚು ಮಾತಾಡುತ್ತೇನೆ. ಹರಿದ ಜಾಗಕ್ಕೆ ತೇಪೆ ಹಾಕುವಾಗ ತೂತಿನಷ್ಟೇ ಬಟ್ಟೆ ಕತ್ತರಿಸಿ ಅಂಟಿಸಿದರೆ ಎರಡನೇ ಒಗೆತಕ್ಕೆ ಸುತ್ತಲೂ ಬಿಡುತ್ತದೆ. ನೂಲು ಬಿಟ್ಟ ಅಂಚನ್ನೆಲ್ಲ ಕತ್ತರಿಸಿ, ಗಟ್ಟಿ ಬಟ್ಟೆ ಸಿಗುವವರೆಗೆ ಹೋಗಿ, ಮೂಲೆಗಳನ್ನು ನೇರ ಮಾಡಿಕೊಂಡು, ಆಮೇಲೆ ತೇಪೆ. ಅಣ್ಣನ ಮಗ ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದಾನೆ. ರಜೆಯಲ್ಲಿ ಬಂದವನು ಅಂಗಡಿಯಲ್ಲಿ ಬಿಟ್ಟುಹೋದ ಪುಸ್ತಕವನ್ನು ಅವನಿಂದಲೇ ಹೇಳಿಸಿಕೊಂಡು ಓದಿದೆ. ಗುಂಡಿ ಮುಚ್ಚುವ ಕ್ರಮ ನಮ್ಮದೇ! ಗಟ್ಟಿ ಡಾಂಬರು ಸಿಗುವವರೆಗೆ ಚೌಕವಾಗಿ ಕತ್ತರಿಸಬೇಕು, ಬದಿಗಳು ನೆಟ್ಟಗೆ ನಿಲ್ಲಬೇಕು, ನೀರು ಮತ್ತು ಸಡಿಲ ಕಲ್ಲು ತೆಗೆಯಬೇಕು, ಒಳಗೆಲ್ಲ ಟ್ಯಾಕ್ ಕೋಟ್, ಅಂದರೆ ಅಂಟು ಹಿಡಿಸುವ ತೆಳು ಡಾಂಬರು, ಬಳಿಯಬೇಕು, ಪದರ ಪದರವಾಗಿ ತುಂಬಿ ಒತ್ತಬೇಕು. ಮಳೆಯಲ್ಲೇ ಮುಚ್ಚಬೇಕಾದರೆ ಅದಕ್ಕೆಂದೇ ಬಿಸಿ ಮಾಡದೆ ಬಳಸುವ ಸಿದ್ಧ ಮಿಶ್ರಣ ಚೀಲದಲ್ಲಿ ಸಿಗುತ್ತದೆ. ಬೆಲೆ ಹೆಚ್ಚು. ಆದರೆ 11 ದಿನಕ್ಕೊಮ್ಮೆ ಆಟೊ ಕಳಿಸುವ ಖರ್ಚನ್ನೂ ಯಾರಾದರೂ ಕೂಡಿಸಿ ನೋಡಬೇಕಲ್ಲ.

ಅದೇ ಹುಡುಗ ಇನ್ನೊಂದು ಪುಸ್ತಕದಿಂದ ಒಂದು ಸಾಲು ಓದಿ ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ರಸ್ತೆ ಕಾಮಗಾರಿಯ ನಿಯಮದ ಪ್ರಕಾರ ಮಳೆ ಬರುವಂತಿರುವಾಗ, ನೆಲ ತೇವವಾಗಿರುವಾಗ, ಮತ್ತು ಮಂಜು ಇರುವಾಗ ಡಾಂಬರು ಹಾಸುವಂತಿಲ್ಲ. ಮಂಜಿನ ನಗರಿ ಎಂದು ಫಲಕ ಹಾಕಿಕೊಂಡು ಪ್ರವಾಸಿಗರನ್ನು ಕರೆಯುವ ಜಿಲ್ಲೆಯಲ್ಲಿ ಈ ಸಾಲನ್ನು ಯಾರು ಓದಿದ್ದಾರೆ? ಸಾಮಾನ್ಯವಾಗಿ ಬಳಸುವ ವಿಜಿ-30 ದರ್ಜೆಯ ಡಾಂಬರಾದರೆ ಹಾಸುವಾಗ ಮಿಶ್ರಣ ಕನಿಷ್ಠ 140 ಡಿಗ್ರಿ ಇರಬೇಕು, 90ಕ್ಕಿಂತ ಕೆಳಗೆ ಇಳಿಯುವುದರೊಳಗೆ ರೋಲರ್ ಕೆಲಸ ಮುಗಿಸಬೇಕು. ನಮ್ಮ ಬೀದಿಗೆ ಹಿಂದಿನ ಸಲ ಡಾಂಬರು ಬಂದದ್ದು ಒಂದು ಮಾರ್ಚ್ ಕೊನೆಯ ಸಂಜೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ನೆಲ ಆರಿರಲಿಲ್ಲ. ಘಾಟಿ ಹತ್ತಿ ಬಂದ ಲಾರಿ ಒಂದು ಗಂಟೆ ಕಾದು ನಿಂತಿತ್ತು. ತೆರೆದಾಗ ಆವಿ ಕೂಡ ಏಳಲಿಲ್ಲ. ‘ನಾಳೆ ಹಗಲು ಹಾಸಬಾರದೇ?’ ಎಂದು ಕೇಳಿದೆ. ಮೇಸ್ತ್ರಿ ಒಳ್ಳೆಯ ಮನುಷ್ಯ. ‘ಅಮ್ಮ, 31ರೊಳಗೆ ಬಿಲ್ ಹೋಗಬೇಕು’ ಎಂದ.

ಆ 31ನೇ ತಾರೀಕೇ ನಮ್ಮ ರಸ್ತೆಗಳ ಜಾತಕ. ಕ್ರಿಯಾಯೋಜನೆಗೆ ಬೇಸಿಗೆಯಲ್ಲಿ ಒಪ್ಪಿಗೆ ಸಿಗುತ್ತದೆ, ಟೆಂಡರ್ ಮುಗಿದು ಕಾರ್ಯಾದೇಶ ಕೈಗೆ ಬರುವಾಗ ಮಳೆ ಶುರು. ಮಳೆ ಮುಗಿದ ಮೇಲೆ ದಸರೆ, ತುಲಾ ಸಂಕ್ರಮಣ, ಹುತ್ತರಿ. ಜನವರಿಯಲ್ಲಿ ಎಚ್ಚರವಾಗಿ, ಫೆಬ್ರುವರಿಯಲ್ಲಿ ಓಡಾಡಿ, ಮಾರ್ಚ್‌ನಲ್ಲಿ ಕತ್ತಲಲ್ಲಿ ಡಾಂಬರು. ಮಳೆ ಬಿದ್ದುಕೊಂಡಿರುವಾಗಲೇ, ಅಂದರೆ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಟೆಂಡರ್ ಮುಗಿಸಿಟ್ಟರೆ ಡಿಸೆಂಬರ್‌ನಿಂದ ಫೆಬ್ರುವರಿಯವರೆಗಿನ ಒಣ ಹಗಲುಗಳು ನಿಮ್ಮ ಕೈಯಲ್ಲಿರುತ್ತವೆ. ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಲೂ ಅದೇ ಸರಿಯಾದ ಕಾಲ. ಜನವರಿಯ ಬಿಸಿಲಲ್ಲಿ ಸರ್ವೆಗೆ ಬಂದವರಿಗೆ ಎಲ್ಲ ಚರಂಡಿಯೂ ಚೆನ್ನಾಗಿಯೇ ಕಾಣುತ್ತದೆ.

ಈಗ, ನಮ್ಮ ಬೀದಿಯನ್ನು ಬಿಡಿ ಎಂದದ್ದೇಕೆ ಎಂಬುದಕ್ಕೆ ಬರುತ್ತೇನೆ.

ರಸ್ತೆ ನಿರ್ವಹಣೆಯ ಪಾಠಗಳಲ್ಲಿ ಒಂದು ಹಳೆಯ ರೇಖೆ ಇದೆ. ಹೊಸ ರಸ್ತೆ ತನ್ನ ಆಯುಷ್ಯದ ಮುಕ್ಕಾಲು ಭಾಗದಲ್ಲಿ ಗುಣದ 40 ಶೇಕಡಾ ಕಳೆದುಕೊಳ್ಳುತ್ತದೆ. ಮುಂದಿನ 40 ಶೇಕಡಾ ಕಳೆದುಕೊಳ್ಳಲು ಆಯುಷ್ಯದ 12 ಶೇಕಡಾ ಸಾಕು. ಆ ಜಾರಿಕೆಗೆ ಮುಂಚೆ ಒಂದು ರೂಪಾಯಿಯಲ್ಲಿ ಆಗುವ ಕೆಲಸಕ್ಕೆ ಆಮೇಲೆ ಆರರಿಂದ ಹತ್ತು ರೂಪಾಯಿ ಬೇಕು ಎಂಬುದು ಆ ಪಾಠದ ಲೆಕ್ಕ. ಅಮೆರಿಕದವರು ತಮ್ಮ ರಸ್ತೆಗಳನ್ನು ನೋಡಿ ಎಳೆದ ರೇಖೆ ಅದು. ನಮ್ಮ ಮಳೆಯಲ್ಲಿ ಆ ಜಾರು ಇನ್ನೂ ಕಡಿದಾಗಿರುತ್ತದೆ ಎಂಬುದಕ್ಕೆ ನನ್ನ ಟೇಪೇ ಸಾಕ್ಷಿ: ಜೂನ್‌ನ ಕೂದಲೆಳೆ ಕಕ್ಕಡಕ್ಕೆ 34 ಇಂಚು.

ಇದು ಕೊಡಗಿನವರಿಗೆ ಹೊಸ ವಿಷಯವೇ ಅಲ್ಲ. ನನ್ನ ಮನೆಯವರಿಗೆ ಎರಡು ಎಕರೆ ಕಾಫಿ ಇದೆ, ನಡುವೆ ಮೆಣಸಿನ ಬಳ್ಳಿ. ಮೇ ತಿಂಗಳಲ್ಲಿ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೊ ದ್ರಾವಣ ಹೊಡೆಯುವುದು ಯಾವ ಬಳ್ಳಿಗೆ? ಹಸಿರಾಗಿ ನಿಂತಿರುವುದಕ್ಕೆ. ಸೊರಗಿ ಎಲೆ ಉದುರಿಸಿದ ಬಳ್ಳಿಯ ಬುಡಕ್ಕೆ ಡ್ರಮ್ ಹೊತ್ತುಕೊಂಡು ಹೋದವನನ್ನು ನೋಡಿ ಪಕ್ಕದ ತೋಟದವರು ನಗುತ್ತಾರೆ. ಅದನ್ನು ಕಿತ್ತು, ಮುಂದಿನ ಮಳೆಗೆ ಹೊಸ ಬಳ್ಳಿ ನೆಡುವುದು ಬೇರೆ ಕೆಲಸ, ಬೇರೆ ಖರ್ಚು. ಪಟ್ಟಣದ ರಸ್ತೆಗಳ ವಿಷಯದಲ್ಲಿ ಮಾತ್ರ ನಾವೆಲ್ಲ ಸೇರಿ ಪ್ರತಿ ವರ್ಷ ಸತ್ತ ಬಳ್ಳಿಗೇ ಔಷಧಿ ಹೊಡೆಯುತ್ತಿದ್ದೇವೆ. ಎಲ್ಲಿ ಗಲಾಟೆ ಹೆಚ್ಚೋ ಅಲ್ಲಿಗೆ ಹಣ. ಮೂರು ವರ್ಷದ ಹಿಂದೆ ಹಾಕಿದ, ಇನ್ನೂ ಚೆನ್ನಾಗಿರುವ, ಈಗಷ್ಟೇ ಬಿರುಕು ಬಿಡುತ್ತಿರುವ ರಸ್ತೆಯವರು ಗಲಾಟೆ ಮಾಡುವುದಿಲ್ಲ. ಅವರ ಸರದಿ ಬರುವುದು ಅವರ ರಸ್ತೆಯೂ ಹಾಳಾದ ಮೇಲೆ.

ನಮ್ಮ ಬೀದಿ ಆ ಜಾರಿನ ತಳ ಮುಟ್ಟಿಯಾಗಿದೆ. ಇನ್ನೊಂದು ವರ್ಷ ಕಾದರೂ ಅದಕ್ಕೆ ತಗಲುವ ಖರ್ಚು ಅಷ್ಟೇ: ಎಲ್ಲ ಅಗೆದು ಹೊಸದಾಗಿ ಕಟ್ಟುವುದು. ಆದರೆ ಮೇಲಿನ ಶಾಲೆಯ ರಸ್ತೆ ಜಾರಿನ ಅಂಚಿನಲ್ಲಿ ನಿಂತಿದೆ. ಅದಕ್ಕೆ ಈ ಡಿಸೆಂಬರ್‌ನಲ್ಲಿ ಬಿರುಕು ತುಂಬಿ, ನೀರು ಇಳಿಯದಂತೆ ಸೀಲ್ ಕೋಟ್ ಎಂಬ ತೆಳು ಪದರ ಕೊಟ್ಟರೆ ಇನ್ನೂ ಕೆಲವು ಮಳೆ ತಡೆಯುತ್ತದೆ. ನಮ್ಮ ಒಂದು ಬೀದಿಯನ್ನು ಕಟ್ಟುವ ಹಣದಲ್ಲಿ ಅಂಥ ಹಲವು ರಸ್ತೆಗಳು ಉಳಿಯುತ್ತವೆ. ನಮ್ಮದಕ್ಕೆ ಅಪಾಯವಾಗದಂತೆ ಗುಂಡಿಗಳನ್ನು ಸರಿಯಾಗಿ ಮುಚ್ಚಿಕೊಡಿ, ಸಾಕು.

ಇದನ್ನು ಮಾಡಲು ಯಾವ ರಸ್ತೆ ಎಲ್ಲಿ ನಿಂತಿದೆ ಎಂದು ತಿಳಿದಿರಬೇಕಲ್ಲ. ಅಮೆರಿಕದ ಸೇನೆಯ ಎಂಜಿನಿಯರರು 1970ರ ದಶಕದಲ್ಲಿ ವಿಮಾನ ನಿಲ್ದಾಣಗಳ ನೆಲಕ್ಕೆಂದು ರೂಪಿಸಿದ ಒಂದು ಅಂಕಪದ್ಧತಿ ಆಮೇಲೆ ಬೀದಿಗಳಿಗೂ ಬಂತು: ಸೊನ್ನೆಯಿಂದ ನೂರರವರೆಗೆ ಪ್ರತಿ ರಸ್ತೆಗೂ ಅಂಕ. ಅಷ್ಟು ದೂರ ಹೋಗುವುದೂ ಬೇಡ. ರಸ್ತೆಗಳಿಗೆ ಮಾನದಂಡ ರೂಪಿಸುವ ನಮ್ಮದೇ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 82ನೇ ಸಂಹಿತೆಯಲ್ಲಿ ಬಿರುಕು, ಗುಂಡಿ, ಕಲ್ಲು ಕಿತ್ತುಹೋಗಿರುವುದು, ಚಕ್ರದ ಜಾಡು ಇವನ್ನು ನೋಡಿ ಒಳ್ಳೆಯದು, ಸಾಧಾರಣ, ಕೆಟ್ಟದ್ದು ಎಂದು ವಿಂಗಡಿಸುವ ಕ್ರಮ ಇದೆ. ಕೊಡಗಿನ ಪಟ್ಟಣಗಳು ಬೆಂಗಳೂರಲ್ಲ. ಇಬ್ಬರು ಕಿರಿಯ ಎಂಜಿನಿಯರರು, ಒಂದು ನೋಟ್‌ಪುಸ್ತಕ, ಒಂದು ಟೇಪು, ಎರಡು ವಾರದ ನಡಿಗೆ. ಟೇಪು ಬೇಕಾದರೆ ನಾನೇ ಕೊಡುತ್ತೇನೆ. ಆ ಪಟ್ಟಿಯಲ್ಲಿ ರಸ್ತೆಯ ಒಡೆಯರು ಯಾರು ಎಂದೂ ಬರೆಯಿರಿ. ರಾಷ್ಟ್ರೀಯ ಹೆದ್ದಾರಿಯವರದ್ದೇ, ಲೋಕೋಪಯೋಗಿಯವರದ್ದೇ, ಪಟ್ಟಣದ್ದೇ ಎಂದು ತಿಳಿಯದೆ ಜನ ಮೂರು ಕಚೇರಿ ಸುತ್ತುತ್ತಾರೆ. ಕೊನೆಯ ಬಾರಿ ಡಾಂಬರು ಹಾಕಿದ್ದು ಯಾವಾಗ, ಗುತ್ತಿಗೆದಾರರ ದೋಷ ಹೊಣೆಗಾರಿಕೆ, ಅಂದರೆ ಕೆಟ್ಟರೆ ಅವರೇ ತಮ್ಮ ಖರ್ಚಿನಲ್ಲಿ ಸರಿಮಾಡಬೇಕಾದ ಅವಧಿ, ಎಂದಿನವರೆಗೆ ಎಂಬುದೂ ಇರಲಿ. ಆ ಅವಧಿಯೊಳಗೆ ಬಿದ್ದ ಗುಂಡಿಯನ್ನು ಜನರ ಹಣದಲ್ಲಿ ಮುಚ್ಚಿಸಿದರೆ ಅದು ಗುತ್ತಿಗೆದಾರರಿಗೆ ಕೊಟ್ಟ ಉಡುಗೊರೆ. ಪಟ್ಟಿಯನ್ನು ಕಚೇರಿಯ ಗೋಡೆಗೆ ಅಂಟಿಸಿ. ಯಾರ ರಸ್ತೆ ಮೊದಲು, ಯಾರದ್ದು ಆಮೇಲೆ, ಏಕೆ ಎಂದು ಓದಿಕೊಂಡವರಿಗೆ ಸದಸ್ಯರ ಮನೆ ಬಾಗಿಲಿಗೆ ಹೋಗುವ ಕೆಲಸವಿರುವುದಿಲ್ಲ. ಕೆಲವು ಸದಸ್ಯರಿಗೆ ಇದೇ ಇಷ್ಟವಾಗದಿರಬಹುದು.

ಹಣ ಎಲ್ಲಿದೆ ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ವಾಹನ ತೆರಿಗೆ ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ, ರಸ್ತೆ ಸವೆಯುವುದು ಇಲ್ಲಿ. 15ನೇ ಹಣಕಾಸು ಆಯೋಗವು 2021ರಿಂದ 2026ರವರೆಗೆ ಸಣ್ಣ ಪಟ್ಟಣಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ನೂರಕ್ಕೆ 60 ರೂಪಾಯಿ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ 40ರಲ್ಲೇ ರಸ್ತೆ, ದೀಪ, ಮಿಕ್ಕಿದ್ದೆಲ್ಲ. ಯೋಜನೆಗಳ ದೊಡ್ಡ ಹಣ ಬಂದರೆ ಅದು ಹೊಸ ಕಾಮಗಾರಿಗೆ. ಹೊಸ ರಸ್ತೆಗೆ ಶಂಕುಸ್ಥಾಪನೆ ಮಾಡಬಹುದು, ಫೋಟೊ ತೆಗೆಸಿಕೊಳ್ಳಬಹುದು. ಬಿರುಕು ತುಂಬುವುದಕ್ಕೆ ಯಾರು ಕಲ್ಲು ನೆಡುತ್ತಾರೆ? ಹೀಗಾಗಿ ನಿರ್ವಹಣೆಯ ಹಣ ಪಟ್ಟಣದ ಸ್ವಂತ ಗಳಿಕೆಯಿಂದಲೇ ಬರಬೇಕು. ಐದು ಶೇಕಡಾ ರಿಯಾಯಿತಿ ಸಿಗುತ್ತದೆಂದು ನಾನು ಪ್ರತಿ ಏಪ್ರಿಲ್‌ನಲ್ಲೇ ಆಸ್ತಿ ತೆರಿಗೆ ಕಟ್ಟುತ್ತೇನೆ. ರಸೀದಿಯಲ್ಲಿ ಗ್ರಂಥಾಲಯದ ಕರ ಇದೆ, ಭಿಕ್ಷುಕರ ಕರ ಇದೆ, ಆರೋಗ್ಯದ ಕರ ಇದೆ. ಇರಲಿ, ಬೇಕಾದದ್ದೇ. ಆದರೆ ಮನೆ ಬಾಗಿಲಿನ ರಸ್ತೆಯ ನಿರ್ವಹಣೆಗೆ ಎಂದು ಕಟ್ಟಿಟ್ಟ ಪಾಲು ಕಾಣುವುದಿಲ್ಲ. ಹೊಸ ಕರ ಹಾಕಿ ಎನ್ನುತ್ತಿಲ್ಲ. ಆಸ್ತಿ ತೆರಿಗೆ ಮತ್ತು ಮಳಿಗೆ ಬಾಡಿಗೆಯಲ್ಲಿ ನೂರಕ್ಕೆ ಹತ್ತೇ ಆಗಲಿ, ಬೇರೆ ಲೆಕ್ಕಶೀರ್ಷಿಕೆಗೆ ಹಾಕಿ, ಅದರಿಂದ ಚರಂಡಿ, ಬಿರುಕು, ಗುಂಡಿ, ಫುಟ್‌ಪಾತ್ ಬಿಟ್ಟು ಬೇರೇನನ್ನೂ ಮಾಡುವಂತಿಲ್ಲ ಎಂದು ಬಜೆಟ್ ಸಭೆಯಲ್ಲಿ ನಿರ್ಣಯ ಮಾಡಿ.

ರಸ್ತೆ ಅಗೆಯುವವರು ಕಟ್ಟುವ ಶುಲ್ಕವೂ ಅದೇ ಲೆಕ್ಕಕ್ಕೆ ಹೋಗಬೇಕು. ನೀರಿನ ಪೈಪು, ಒಳಚರಂಡಿ, ಇಂಟರ್‌ನೆಟ್ ಕೇಬಲ್: ಹೊಸ ಡಾಂಬರಿನ ವಾಸನೆ ಹಿಡಿದೇ ಬರುತ್ತಾರೇನೋ ಎನಿಸುತ್ತದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಡಾಂಬರು ಹಾಕಿದ ರಸ್ತೆಯನ್ನು ಐದು ವರ್ಷ ಅಗೆಯುವಂತಿಲ್ಲ ಎಂಬ ನಿಯಮವಿದೆ, ತುರ್ತಿನಂಥ ಕೆಲವು ಕಾರಣಗಳಿಗೆ ಮಾತ್ರ ವಿನಾಯಿತಿ. ನಮಗೆ ಐದು ಬೇಡ, ಮೂರು ಮಾಡಿ. ಡಾಂಬರು ಹಾಕುವ ಆರು ತಿಂಗಳು ಮುಂಚೆ ಎಲ್ಲರಿಗೂ ಪತ್ರ ಹೋಗಲಿ: ಅಗೆಯುವುದಿದ್ದರೆ ಈಗಲೇ ಅಗೆಯಿರಿ ಎಂದು.

ಪ್ರವಾಸಿಗರ ಕಾರುಗಳಿಂದ ರಸ್ತೆ ಕೆಟ್ಟಿತು ಎಂದು ಬೈಯುವುದು ನಮಗೆ ರೂಢಿ. ಸಂಚಾರ ದಟ್ಟಣೆಗೆ ಬೈಯಿರಿ, ಕಸಕ್ಕೆ ಬೈಯಿರಿ. ಡಾಂಬರಿನ ವಿಷಯದಲ್ಲಿ ಅವರು ಬಹುಮಟ್ಟಿಗೆ ನಿರಪರಾಧಿಗಳು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ದೊಡ್ಡ ರಸ್ತೆ ಪರೀಕ್ಷೆಯಿಂದ ತಿಳಿದದ್ದು, ಚಕ್ರಗಳ ಅಚ್ಚಿನ (ಆಕ್ಸಲ್) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಪೆಟ್ಟು ಸುಮಾರು 16 ಪಟ್ಟು. ಮರ ತುಂಬಿದ ಒಂದು ಲಾರಿಯ ಕೆಲಸವನ್ನು ಸಾವಿರಾರು ಕಾರು ಸೇರಿದರೂ ಮಾಡಲಾರವು. ಮಳೆಗಾಲದಲ್ಲಿ ಭಾರಿ ಸರಕು ವಾಹನಗಳನ್ನು ಜಿಲ್ಲಾಡಳಿತ ತಡೆಯುವುದುಂಟು. ಒಳಬೀದಿಗಳಿಗೂ ಅದೇ ಮನಸ್ಸು ಇರಲಿ.

ಇನ್ನು ಫುಟ್‌ಪಾತ್. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ನಡೆಯಲು ಯೋಗ್ಯವಾದ ಪಾದಚಾರಿ ಮಾರ್ಗವು ಜೀವಿಸುವ ಹಕ್ಕನ್ನು ಕೊಡುವ ಸಂವಿಧಾನದ 21ನೇ ವಿಧಿಯಡಿ ಬರುವ ಹಕ್ಕು ಎಂದು ಹೇಳಿತು. ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಇರಬೇಕು, ಅಂಚುಕಲ್ಲಿನ ಎತ್ತರ 150 ಮಿಲಿಮೀಟರ್ ಮೀರಬಾರದು ಎನ್ನುತ್ತದೆ. ನನ್ನ ಭಾಷೆಯಲ್ಲಿ ಅಗಲ 71 ಇಂಚು, ಎತ್ತರ 6. ನಮ್ಮ ಬೀದಿಯಲ್ಲಿ ಅಳೆದೆ: ಅಗಲ 31, ಅದರೊಳಗೆ ಒಂದು ವಿದ್ಯುತ್ ಕಂಬ, ಎತ್ತರ 11. ಗುಡ್ಡದ ಊರಿನಲ್ಲಿ 71 ಇಂಚು ಎಲ್ಲ ಕಡೆ ಸಿಗುವುದಿಲ್ಲ, ಒಪ್ಪುತ್ತೇನೆ. ಆದರೆ 11 ಇಂಚು ಎತ್ತರ ಯಾವ ಗುಡ್ಡದ ತಪ್ಪೂ ಅಲ್ಲ.

ನನ್ನಲ್ಲಿ ರವಿಕೆ ಹೊಲಿಸುವ ಒಬ್ಬರು ಅಜ್ಜಿಗೆ ಎಂಬತ್ತು ದಾಟಿದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕೋಲು. ಆ ಮೆಟ್ಟಿಲು ಹತ್ತಲಾಗದೆ ಅವರು ರಸ್ತೆಯಲ್ಲೇ, ಬಸ್ಸಿನ ಪಕ್ಕದಲ್ಲೇ ಬರುತ್ತಾರೆ. ಒಮ್ಮೆ ಹತ್ತಿದ್ದರು. ಇಂಟರ್‌ಲಾಕ್ ಇಟ್ಟಿಗೆಯ ಮೇಲೆ ಕಕ್ಕಡದ ಪಾಚಿ ಹಸಿರು ಹಾಸಿತ್ತು. ಜಾರಿದರು, ಕೋಲು ಚರಂಡಿ ಚಪ್ಪಡಿಯ ಸಂದಿಯಲ್ಲಿ ಸಿಕ್ಕಿಕೊಂಡದ್ದರಿಂದ ಬೀಳಲಿಲ್ಲ. ಕೋಲು ಮುರಿಯಿತು. ‘ಇದನ್ನು ಮಾಡಿದವರು ಇದರ ಮೇಲೆ ನಡೆದಿದ್ದಾರಾ?’ ಎಂದು ನನ್ನನ್ನೇ ಕೇಳಿದರು. ನಯವಾದ ಇಟ್ಟಿಗೆ ಬಿಟ್ಟು ಗೆರೆ ಕೊರೆದ ಒರಟು ಕಾಂಕ್ರೀಟು ಹಾಕಿ, ಮಳೆಗಾಲದಲ್ಲಿ ಎರಡು ಸಲ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿ. ಇದಕ್ಕೆ ಯಾವ ಆಯೋಗದ ಅನುದಾನವೂ ಬೇಡ.

2018ರ ಆಗಸ್ಟ್ ಆದ ಮೇಲೆ ನಮ್ಮ ಜಿಲ್ಲೆಯಲ್ಲಿ ರಸ್ತೆ ಎಂದರೆ ಗುಡ್ಡ ಕುಸಿತ, ತಡೆಗೋಡೆ ಎಂಬ ಮಾತೇ ಹೆಚ್ಚು. ಜೀವ ಹೋದ ಜಾಗಗಳವು, ಆ ಕೆಲಸ ಮೊದಲಾಗಲಿ. ಆದರೆ ಬೀದಿಯ ಚರಂಡಿ ತಪ್ಪಿದ ನೀರು ಎಲ್ಲೋ ಒಂದು ಬರೆಯ, ಅಂದರೆ ಕಡಿದಾದ ಗುಡ್ಡದಂಚಿನ, ಕಡೆಗೇ ಹೋಗುತ್ತದೆ ಎಂಬುದನ್ನು ನೆನಪಿಡಿ.

ಕೊನೆಗೆ, ಗುಂಡಿ ಮುಚ್ಚುವುದರ ಜೊತೆಗೆ ನಮ್ಮ ಬೀದಿಗೆ ಈ ವರ್ಷ ಬೇಕಾದ ಇನ್ನೊಂದೇ ಕೆಲಸ. ಚರಂಡಿ ಮುಚ್ಚಿದ ಆ ಕಾಂಕ್ರೀಟಿನ ಇಳಿಜಾರನ್ನು ಒಡೆಸಬೇಕು. ಮನೆಯವರು ನನ್ನ ಹಳೆಯ ಗಿರಾಕಿಗಳು. ಮೊದಲು ಕೋಪಿಸಿಕೊಂಡರು, ಆಮೇಲೆ ನಾನು ಕೊಡೆ ಹಿಡಿದು ಕರೆದುಕೊಂಡು ಹೋಗಿ ನೀರು ಹಾರುವುದನ್ನು ತೋರಿಸಿದೆ. ಕಾರು ಹೋಗುವಂಥ ಗಟ್ಟಿ ಕಬ್ಬಿಣದ ಜಾಲರಿಯನ್ನು ಚರಂಡಿಯ ಮೇಲೆ ಕೂರಿಸಿಕೊಟ್ಟರೆ ಒಡೆಯಲು ಒಪ್ಪಿದ್ದಾರೆ, ಖರ್ಚಿನಲ್ಲಿ ಅರ್ಧ ಕೊಡುತ್ತಾರಂತೆ. ಜಾಲರಿಯ ಅಳತೆ ತೆಗೆದಿಟ್ಟಿದ್ದೇನೆ: ಉದ್ದ 118 ಇಂಚು, ಅಗಲ 22. ನಿಮ್ಮವರು ಬರುವಾಗ ಮಂಗಳವಾರ ಬಿಟ್ಟು ಬೇರೆ ಯಾವ ದಿನವಾದರೂ ಬರಲಿ. ಮಂಗಳವಾರ ಅಂಗಡಿ ರಜೆ.

ಇಂತಿ,
ಏರುಬೀದಿಯ ತಿರುವಿನ ಹೊಲಿಗೆಯವಳು